ಸರ್ವರಿನ ಪಾಳಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವಳು. ದಿನಚರಿ ಬರೆಯುವವರ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಬರೆದಿಟ್ಟಾಯಿತಲ್ಲ ಎಂಬ ಧೈರ್ಯದಲ್ಲಿ ತಲೆ ಆ ಸಂಗತಿಯನ್ನು ಅಲ್ಲೇ ಕೈಬಿಡುತ್ತದೆ. ಮುಂದೆ ಬೇಕಾದಾಗ ಪುಟ ತೆಗೆದರೆ, ಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿರುತ್ತದೆ. ನಮ್ಮ ಮೂರು ಬಟ್ಟೆ ಅಂಗಡಿಗಳಿಗೆ ಒಂದು ಸರ್ವರ್ ಕೊಳ್ಳುವುದೆಂದು ನಿಶ್ಚಯವಾದ ದಿನದ ಬಗ್ಗೆ ನಾನು ಬರೆದಿರುವುದು ಇಷ್ಟೇ: "ಇವತ್ತು ಎಣಗಾಯಿ ಬಹಳ ಚೆನ್ನಾಗಿ ಆಗಿತ್ತು. ಎಲ್ಲರೂ ಜೋರಾಗಿ ಮಾತಾಡಿದರು." ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮ್ಮ ಗುರುಗಳು, ಕಣ್ಣಾರೆ ಕಂಡೆ ಎನ್ನುವವನನ್ನು ಎಲ್ಲರಿಗಿಂತ ಹೆಚ್ಚು ಸಂಶಯಿಸಬೇಕು ಎನ್ನುತ್ತಿದ್ದರು. ಆ ಪಾಠವನ್ನು ನಾನು ನನ್ನ ಮೇಲೇ ಪ್ರಯೋಗ ಮಾಡಿಕೊಂಡು ಬದುಕುತ್ತಿದ್ದೇನೆ. ನನ್ನ ಮದುವೆಯ ಸೀರೆ ಯಾವ ಬಣ್ಣದ್ದು ಎಂದು ಯಾರಾದರೂ ಕೇಳಿದರೆ ಫೋಟೋ ನೋಡಿ ಹೇಳುತ್ತೇನೆ. ಹೇಳಿದ ಮೇಲೆ, ಫೋಟೋದ ಬಣ್ಣವನ್ನು ಎಷ್ಟರಮಟ್ಟಿಗೆ ನಂಬಬಹುದೋ ಎಂದೂ ಸೇರಿಸುತ್ತೇನೆ. ಇಂಥವಳ ಮೇಲೆ ಒಂದು ಮನೆತನ ತನ್ನ ಮೂರು ಅಂಗಡಿಗಳ ಸರಕಿನ ನೆನಪನ್ನೆಲ್ಲ ತುಂಬಿಡುವ ಯಂತ್ರವನ್ನು ಆರಿಸುವ ಕೆಲಸ ಹೊರಿಸಿತು. ಇದರಲ್ಲಿ ತಪ್ಪು ನನ್ನದೋ ಮನೆತನದ್ದೋ ಎಂದು ಓದುವವರೇ ತೀರ್ಮಾನಿಸಬೇಕು.

ನನ್ನ ತವರು ಹೊಳೆಆಲೂರು. ಸೊಸೆಯಾಗಿ ಬಂದದ್ದು ರೋಣಕ್ಕೆ. ನಮ್ಮ ಮಾವನವರು ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯರು. ರೋಣದ ಅಂಗಡಿಯಲ್ಲಿ ಕೂರುತ್ತಾರೆ. ನಡುವಿನವರು ನರಗುಂದದಲ್ಲಿ, ಕಿರಿಯರು ಗಜೇಂದ್ರಗಡದಲ್ಲಿ. ನಾವು ಅವರನ್ನು ನರಗುಂದ ಕಾಕಾ, ಗಡದ ಕಾಕಾ ಎಂದೇ ಕರೆಯುವುದು. ಮೂರೂ ಅಂಗಡಿಯ ಬೋರ್ಡಿನ ಮೇಲೆ ಒಂದೇ ಹೆಸರು, ತೀರಿಹೋದ ಅಜ್ಜನದು. ಅಜ್ಜ ಬಟ್ಟೆ ಅಳೆಯುತ್ತಿದ್ದ ಕಬ್ಬಿಣದ ಗಜವೊಂದಿದೆ. ಈಗ ಯಾರೂ ಅದರಲ್ಲಿ ಅಳೆಯುವುದಿಲ್ಲ, ಆದರೆ ಅದಿಲ್ಲದೆ ದೀಪಾವಳಿ ಪಾಡ್ಯದ ಅಂಗಡಿ ಪೂಜೆಯೂ ಆಗುವುದಿಲ್ಲ. ಆ ಗಜ ಒಂದು ವರ್ಷ ರೋಣದಲ್ಲಿ, ಒಂದು ವರ್ಷ ಗಡದಲ್ಲಿ, ಒಂದು ವರ್ಷ ನರಗುಂದದಲ್ಲಿ ಇರುತ್ತದೆ. ಪಾಡ್ಯದ ಬೆಳಗ್ಗೆ ಅದು ರೇಷ್ಮೆ ವಸ್ತ್ರ ಸುತ್ತಿಕೊಂಡು ಊರಿಂದೂರಿಗೆ ಹೋಗುತ್ತದೆ, ಅದರ ಹಿಂದೆ ಮೂರೂ ಮನೆಯವರು ಹೋಗಿ ಹೋಳಿಗೆ ಉಂಡು ಬರುತ್ತಾರೆ. ಇದಕ್ಕೆ ಪಾಳಿ ಎನ್ನುತ್ತೇವೆ. ಗಜ ಯಾರ ಅಂಗಡಿಯಲ್ಲಿದೆಯೋ ಆ ವರ್ಷ ಅದೇ ದೊಡ್ಡಂಗಡಿ. ಹಾಗೆಂದು ಅದರಿಂದ ಲಾಭವೇನೂ ಇಲ್ಲ, ಹೋಳಿಗೆಯ ಖರ್ಚೇ ಹೆಚ್ಚು. ಆದರೂ ಪಾಳಿ ಬಂದ ವರ್ಷ ಕಾಕಾಗಳ ನಡಿಗೆಯೇ ಬೇರೆ ಇರುತ್ತದೆ.

ಸರ್ವರ್ ಬೇಕೆನಿಸಿದ್ದು ಮುಶಿಗೇರಿಯವರ ಮದುವೆಯಿಂದ. ಹೆಣ್ಣಿನ ಕಡೆಯವರು ಆಯೇರಿಗೆಂದು, ಅಂದರೆ ಬೀಗರಿಗೂ ಬಂಧುಗಳಿಗೂ ಉಡಿಸಲು, ಒಂದೇ ನಮೂನೆಯ ಹಸಿರು ಸೀರೆಗಳು ಬೇಕೆಂದು ರೋಣದ ಅಂಗಡಿಗೆ ಬಂದರು. ನಮ್ಮ ಕಂಪ್ಯೂಟರ್ ಒಂದೂ ಇಲ್ಲವೆಂದಿತು. ಮಾವ ನರಗುಂದಕ್ಕೆ ಫೋನ್ ಮಾಡಿದರು. ಅಲ್ಲಿಯ ಕಂಪ್ಯೂಟರ್ ಗಡದಲ್ಲಿವೆ ಎಂದಿತು. ಗಡಕ್ಕೆ ಮಾಡಿದರೆ ಕಾಕಾ, "ನೀವ ಹೋದ ವಾರ ಒಯ್ದೀರಲ್ಲೋ ಅಣ್ಣಾ, ನನ್ನ ಕಡೆ ಎಲ್ಲಿ ಬರಬೇಕು?" ಎಂದರು. ಗಿರಾಕಿಗಳು ಎದ್ದು ಹೋದರು. ಆಮೇಲೆ ಮಾವ ಚಹಾ ಕುಡಿಯಲು ಎದ್ದಾಗ, ಬೆಳಗಿನಿಂದ ಅವರು ಒರಗಿ ಕೂತಿದ್ದ ಗಂಟನ್ನು ಕೆಲಸದವರು ಸರಿಸಿದರು. ಒಳಗಿದ್ದದ್ದು ಹಸಿರು ಸೀರೆಗಳೇ. "ಮೆತ್ತಗ ಐತಿ ಅಂತ ಒರಗಿದ್ನಿ," ಎಂದರು ಮಾವ, ಅದು ಸೀರೆಯ ಗುಣಮಟ್ಟಕ್ಕೆ ತಾವು ಕೊಟ್ಟ ಪ್ರಮಾಣಪತ್ರ ಎಂಬಂತೆ.

ಮೂರು ಅಂಗಡಿಗೂ ಸೇರಿ ಒಂದು ಸರ್ವರ್ ಇದ್ದರೆ ಎಲ್ಲಿ ಏನಿದೆ ಎಂದು ಎಲ್ಲರಿಗೂ ಕಾಣುತ್ತದೆ ಎಂದು ಮೊದಲು ಹೇಳಿದವರು ಯಾರು? ಮೂವರೂ ತಾವೇ ಎನ್ನುತ್ತಾರೆ. ನನಗೆ ನಾನೇ ಹೇಳಿದಂತೆ ನೆನಪು, ಆದ್ದರಿಂದ ಅದು ನಿಜವಿರಲಾರದು. ಆರಿಸುವ ಕೆಲಸ ಮಾತ್ರ ನನಗೆ ಬಂತು. ಎಂ.ಎ.ಯಲ್ಲಿ ನಾನು ಪ್ರಬಂಧ ಬರೆದದ್ದು ವೀರಗಲ್ಲುಗಳ ಮೇಲೆ. ಕಂಪ್ಯೂಟರಿನ ವಿದ್ಯೆ ಎಂದರೆ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಕಲಿತ ಒಂದು ಸಣ್ಣ ಕೋರ್ಸು. "ನನಗ ಇದರಾಗ ಏನೂ ತಿಳಿಯೂದಿಲ್ರಿ ಮಾವಾ," ಎಂದೆ. "ಕಲ್ಲ ಓದಿದಾಕಿ ನೀ. ಕಲ್ಲಿಗಿಂತ ಇದೇನ ಬಿರಸ ಇರತೈತೇನು?" ಎಂದರು ಮಾವ. ಶಾಲಾಮಾಸ್ತರರಾದ ನನ್ನ ಯಜಮಾನರು ಅಂಗಡಿಯ ಯಾವ ವಿಷಯಕ್ಕೂ ತಲೆ ಹಾಕುವುದಿಲ್ಲ. ಆ ದಿನವೂ ಎಣಗಾಯಿ ಹಾಕಿಸಿಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಅದು ಆಷಾಢ. ಬಟ್ಟೆ ವ್ಯಾಪಾರದವರಿಗೆ ಆಷಾಢವೆಂದರೆ ಮದುವೆಯಿಲ್ಲದ, ಗಿರಾಕಿಯಿಲ್ಲದ, ಜಗಳಕ್ಕೆ ಬೇಕಾದಷ್ಟು ಪುರಸೊತ್ತಿರುವ ತಿಂಗಳು. ಮೂವರು ಅಣ್ಣತಮ್ಮಂದಿರೂ ನಮ್ಮ ಮನೆಯಲ್ಲಿ ಉಣ್ಣಲು ಕೂತಿದ್ದ ಆ ಎಣಗಾಯಿಯ ದಿನವೇ, ಸರ್ವರ್ ಯಾವ ಅಂಗಡಿಯಲ್ಲಿ ಇಡುವುದು ಎಂಬ ಮಾತು ಬಂತು. ರೋಣ ನಡುವೆ ಇದೆ, ಇಲ್ಲೇ ಇರಲಿ ಎಂದರು ಮಾವ. ನರಗುಂದದಲ್ಲಿ ಕರೆಂಟು ಚಲೋ ಇರುತ್ತದೆ ಎಂದರು ನರಗುಂದ ಕಾಕಾ. ಗಡದ ಕಾಕಾ ತಾಟು ಸರಿಸಿದರು.

"ಹೊಸಾ ಮಾಲ ಬಂತಂದ್ರ ಗಂಟ ಬಿಚ್ಚೂದು ರೋಣದಾಗ. ಉಳದದ್ದು ನರಗುಂದಕ್ಕ. ಅವರು ಆರಿಸಿ ಬಿಟ್ಟದ್ದು ನನಗ. ಈಗ ಇದೂ ಹಂಗನ? ಹಂಗಿದ್ರ ನನ್ನ ಅಂಗಡಿ ನನಗ ಬಿಟ್ಟಬಿಡ್ರಿ ಅಣ್ಣಾ. ನಾ ನನ್ನ ಬೋರ್ಡ ಹಾಕ್ಕೊಂಡ ಕುಂದರತೀನಿ."

ಅತ್ತೆಯವರು ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. ನರಗುಂದ ಕಾಕಾ ಯಾವಾಗಲೂ ನಗಿಸುವವರು, ಅವರೂ ತಾಟಿನ ಕಡೆ ನೋಡಿ ರೊಟ್ಟಿ ಮುರಿಯತೊಡಗಿದರು. ನಾನು ಬರೆದ "ಎಲ್ಲರೂ ಜೋರಾಗಿ ಮಾತಾಡಿದರು" ಎಂಬುದು ಇದರ ನಂತರದ್ದೋ ಮೊದಲಿನದೋ ತಿಳಿಯದು. ಸಂಜೆ ಅತ್ತೆಯವರು ನನ್ನನ್ನು ಅಡಿಗೆಮನೆಗೆ ಕರೆದು, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನೋಡವಾ ಸುನಂದಾ, ದೊಡ್ಡದ ತರು, ಸಣ್ಣದ ತರು, ನನಗ ಅದರ ಗೊಡವಿ ಇಲ್ಲ. ಮೂವರೂ ಹೂಂ ಅನ್ನೂವಂಥಾದ್ದ ತಾ. ಅಂಗಡಿ ಬ್ಯಾರೆ ಆದ್ವು ಅಂದ್ರ ಹಬ್ಬಕ್ಕ ಯಾರ ಮನಿಗೆ ಯಾರ ಬರತಾರ?" ಸರ್ವರ್ ಕೊಳ್ಳುವವರಿಗೆ ಕಂಪನಿಗಳು ಹಲವು ಸಲಹೆ ಕೊಡುತ್ತವೆ. ಎಷ್ಟು ಜನ ಒಟ್ಟಿಗೆ ಬಿಲ್ ಮಾಡುತ್ತೀರಿ, ಮುಂದೆ ಅಂಗಡಿ ಹೆಚ್ಚಿಸುವ ವಿಚಾರವಿದೆಯೇ, ಇತ್ಯಾದಿ. ಅತ್ತೆಯವರ ಷರತ್ತು ನಾನು ಓದಿದ ಯಾವ ಕೈಪಿಡಿಯಲ್ಲೂ ಇರಲಿಲ್ಲ.

ನಾನು ಓದಲು ಕೂತೆ. ಆಮೇಲಿನ ದಿನಗಳಲ್ಲಿ ನನಗೆ ತಿಳಿದದ್ದನ್ನು ಇತಿಹಾಸದ ವಿದ್ಯಾರ್ಥಿನಿಯಂತೆಯೇ ಬರೆದಿಟ್ಟುಕೊಂಡೆ: ಚಿಕ್ಕ ಸರ್ವರುಗಳ ಉದಯ ಮತ್ತು ಪತನ, ದೊಡ್ಡ ಸರ್ವರುಗಳ ವೈಭವ, ನಡುಮಟ್ಟದ ಸರ್ವರುಗಳು, ಒಂದು ಸಮೀಕ್ಷೆ. ಚಿಕ್ಕದು ಒಂದು ಅಂಗಡಿಗೆ ಸಾಕು, ದೀಪಾವಳಿಯಲ್ಲಿ ಮೂರು ಕಡೆಯಿಂದ ಒಟ್ಟಿಗೆ ಬಿಲ್ ಹೊಡೆದರೆ ಉಸಿರುಗಟ್ಟುತ್ತದೆ. ದೊಡ್ಡದು ಕಪಾಟಿನಂಥ ಚೌಕಟ್ಟಿನಲ್ಲಿ ಕೂರುತ್ತದೆ, ವಿಮಾನದಂತೆ ಸದ್ದು ಮಾಡುತ್ತದೆ, ಅದನ್ನು ನೋಡಿಕೊಳ್ಳಲು ಸಂಬಳದ ಮನುಷ್ಯ ಬೇಕು. ನಡುಮಟ್ಟದ್ದು ನೆಟ್ಟಗೆ ನೆಲದ ಮೇಲೆ ನಿಲ್ಲುತ್ತದೆ. ಒಳಗೆ ಎರಡು ಡಿಸ್ಕು, ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಕೆಟ್ಟರೆ ಇನ್ನೊಂದರಿಂದ ಅಂಗಡಿ ನಡೆಯುತ್ತದೆ. ಇದನ್ನು ಓದಿದಾಗ ನನಗೆ ಅಸೂಯೆಯಾಯಿತು. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟು, ಎರಡೂ ಒಂದೇ ರೀತಿ ಇರುವುದೆಂದರೇನು! ನನ್ನ ಮತ್ತು ನನ್ನ ಯಜಮಾನರ ನೆನಪುಗಳಲ್ಲಿ ಒಂದು ಪ್ರವಾಸವೂ ತಾಳೆಯಾಗುವುದಿಲ್ಲ.

ಹುಬ್ಬಳ್ಳಿಯ ಒಂದು ಕಂಪನಿಯಿಂದ ಪ್ರವೀಣ ಎಂಬವರು ಬಂದರು. ಇಸ್ತ್ರಿ ಅಂಗಿ, ಹೆಗಲಿಗೆ ಚೀಲ, ಬಿಸಿಲಿಗೆ ಕೆಂಪಾದ ಮುಖ. ರೋಣದ ಅಂಗಡಿಯ ಗಾದಿಯ ಮೇಲೆ ಮೂವರು ಅಣ್ಣತಮ್ಮಂದಿರ ಎದುರು ಕೂತು ಮೊದಲ ಚಿತ್ರ ಬಿಡಿಸಿದರು. ಅದು ಚಿಕ್ಕದು. ಅದರ ಬಗ್ಗೆ ಸ್ವಲ್ಪವೇ ಮಾತಾಡಿ, "ಒಂದ ವರ್ಷ ನಡೀತೈತ್ರಿ, ಆಮ್ಯಾಲ ನೀವ ಬೇಸರಾಗತೀರಿ," ಎಂದರು. ಎರಡನೆಯದು ದೊಡ್ಡದು. ಅದನ್ನು ಎಷ್ಟು ಹೊಗಳಿದರೆಂದರೆ ಮಾವ ಗಾದಿಯಲ್ಲಿ ಸ್ವಲ್ಪ ಹಿಂದೆ ಸರಿದರು. ಪ್ರವೀಣ ಚೀಲಕ್ಕೆ ಮತ್ತೆ ಕೈ ಹಾಕಿದಾಗ ನರಗುಂದ ಕಾಕಾ ಕೈ ಮೇಲೆತ್ತಿದರು.

"ನಿಂದರ ತಮ್ಮಾ. ಮೊದಲ ಸಣ್ಣದ ತೋರಿಸಿ ನಮ್ಮ ಮಾರಿ ಸಣ್ಣದ ಮಾಡಿದಿ. ಆಮ್ಯಾಲ ದೊಡ್ಡದ ತೋರಿಸಿ ಅಂಜಿಸಿದಿ. ಈಗ ನಡುವಿಂದ ತಗೀತೀ. ಹೌದೋ ಅಲ್ಲೋ?"

ಪ್ರವೀಣರ ಕೈ ಚೀಲದೊಳಗೇ ಉಳಿಯಿತು. "ಹೌದ್ರಿ," ಎಂದರು.

ಮೂವರೂ ಗಹಗಹಿಸಿ ನಕ್ಕರು. ಆಷಾಢದಲ್ಲಿ ಆ ಅಂಗಡಿಯಲ್ಲಿ ಅಂಥ ನಗು ಕೇಳಿದ್ದು ಅದೇ ಮೊದಲು. ಮೂವರೂ ತಲೆಗೂದಲು ಬೆಳ್ಳಗಾಗುವವರೆಗೆ ಮಾಡಿದ್ದು ಅದನ್ನೇ ಅಲ್ಲವೆ? ಹೆಂಗಸರು ಬಂದು ಕೂತರೆಂದರೆ ಮೊದಲು ಎರಡು ಸಾದಾ ಸೀರೆ, ನಂತರ ಕಣ್ಣು ಕುಕ್ಕುವ ಒಂದು ರೇಷ್ಮೆ, ಕೊನೆಗೆ "ನೀವು ಉಡೂವಂಥಾದ್ದು ಒಂದ ಐತಿ ನೋಡ್ರಿ" ಎಂದು ನಡುವಿನದು. ತಮ್ಮ ವಿದ್ಯೆಯನ್ನು ಇನ್ನೊಬ್ಬರ ಕೈಯಲ್ಲಿ ನೋಡಿದ ಸಂತೋಷಕ್ಕೆ ಪ್ರವೀಣರಿಗೆ ಬಿಸಿ ಮಿರ್ಚಿ ಭಜಿ ತರಿಸಿದರು. "ಕೆಲಸ ಬಿಟ್ರ ನಮ್ಮ ಅಂಗಡಿಗೆ ಬಾರೋ," ಎಂದರು ಗಡದ ಕಾಕಾ. ಅಷ್ಟೆಲ್ಲ ಗೊತ್ತಿದ್ದೂ ಕೊನೆಗೆ ಆರಿಸಿದ್ದು ನಡುವಿನದನ್ನೇ. ಗೊತ್ತಿದ್ದು ಸಿಕ್ಕಿಬೀಳುವುದರಲ್ಲೂ ಒಂದು ಸುಖವಿದೆ ಎಂದು ಆಗ ತಿಳಿಯಿತು. ನಾನು ವಾರಗಟ್ಟಲೆ ಓದಿ ಮುಟ್ಟಿದ ತೀರ್ಮಾನವನ್ನು ಅವರು ಒಂದು ಮಿರ್ಚಿ ತಿನ್ನುವುದರೊಳಗೆ ಮುಟ್ಟಿದ್ದರು. ಆದರೆ ಹಣೆಪಟ್ಟಿ ನನ್ನದೇ ಉಳಿಯಿತು: ಸುನಂದಾ ಆರಿಸಿದ ಸರ್ವರ್.

ಬಟ್ಟೆಯವರ ಮನಸ್ಸು ಅಷ್ಟಕ್ಕೆ ಬಿಡುವುದಿಲ್ಲ. ಮಾವ ಚಿತ್ರದ ಮೇಲೆ ಬೆರಳಾಡಿಸಿ, "ಮ್ಯಾಲಿಂದ ಬ್ಯಾಡ, ಕಟ್ಟಿನ ಒಳಗಿಂದ ಕೊಡ್ರಿ," ಎಂದರು. ನರಗುಂದ ಕಾಕಾ ಬೇರೆ ಬಣ್ಣ ಇದೆಯೇ ಎಂದು ಕೇಳಿದರು. ಕರಿಯದೊಂದೇ ಬರುತ್ತದೆ ಎಂದರು ಪ್ರವೀಣ. ಕರಿಯ ವಸ್ತುವನ್ನು ಪೂಜೆಗೆ ಇಡುವುದು ಹೇಗೆ ಎಂದು ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಒಳಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತ ಅತ್ತೆಯವರು, "ಬಸರಿಗೆ ಉಡಸೂ ಚಂದ್ರಕಾಳಿ ಸೀರಿ ಯಾ ಬಣ್ಣದ್ದರಿ?" ಎಂದು ಗೋಡೆಯನ್ನು ಕೇಳಿದರು. ಬಸುರಿಯ ಶುಭಕಾರ್ಯಕ್ಕೆ ಉಡಿಸುವ ಆ ಸೀರೆ ಅಪ್ಪಟ ಕರಿಯದು. ಬಣ್ಣದ ಪ್ರಶ್ನೆ ಮುಗಿಯಿತು.

ಜಾಗದ ಪ್ರಶ್ನೆ ಮುಗಿದಿರಲಿಲ್ಲ. ಪ್ರವೀಣ ಒಂದು ಕಾಗದ ತೆಗೆದು, "ಕೆಟ್ರ ಮರುದಿನ ಇಂಜಿನಿಯರ್ ಬರತಾರ್ರಿ. ಎಲ್ಲಿಗೆ ಬರಬೇಕು, ವಿಳಾಸ ಹೇಳ್ರಿ," ಎಂದರು. ನಗು ನಿಂತುಹೋಯಿತು. ಗಡದ ಕಾಕಾ ರಸ್ತೆಯ ಕಡೆ ನೋಡತೊಡಗಿದರು. ಆಗ ನಾನು ಬಾಯಿ ತೆರೆದು, ಈ ಎಲ್ಲ ಕಥೆಗೆ ಕಾರಣವಾದ ಮಾತನ್ನು ಆಡಿದೆ: "ಗಜದ ಕೂಡ ಇದಕ್ಕೂ ಪಾಳಿ ಹಚ್ಚಿದ್ರ ಹ್ಯಾಂಗ್ರಿ?"

ಮೂವರೂ ಒಟ್ಟಿಗೆ ಹೂಂ ಎಂದರು. ಅತ್ತೆಯವರ ಷರತ್ತು ಅಷ್ಟು ಸುಲಭವಾಗಿ ಪೂರೈಸಿತೆಂದು ನಾನು ಬೀಗಿದೆ. ಪಾಡ್ಯದವರೆಗೆ ರೋಣ, ಆಮೇಲೆ ಗಡ, ಅದರ ಮರುವರ್ಷ ನರಗುಂದ. ಪ್ರವೀಣ ಮಾತ್ರ ಮಿರ್ಚಿಯನ್ನು ಅರ್ಧಕ್ಕೆ ಬಿಟ್ಟು, "ಮೇಡಮ್ಮಾರ, ಸರ್ವರ್ ತಿರಗಾಡೂದಿಲ್ರಿ. ಅದು ಇದ್ದಲ್ಲೇ ಇರತೈತ್ರಿ," ಎಂದರು. "ನಮ್ಮದು ತಿರಗತೈತಿ," ಎಂದರು ಗಡದ ಕಾಕಾ. ಸರ್ವರೇ ಬೇಡ, ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ದೂರದಲ್ಲೆಲ್ಲೋ ಇಡುವ ವ್ಯವಸ್ಥೆಯೂ ಇದೆ, ತಿಂಗಳಿಗಿಷ್ಟು ಬಾಡಿಗೆ ಕಟ್ಟಿದರಾಯಿತು ಎಂದು ಪ್ರವೀಣ ಕೊನೆಯ ಪ್ರಯತ್ನ ಮಾಡಿದರು. "ಎಲ್ಲೋ ಇರೂದಕ್ಕ ಕುಂಕುಮ ಎಲ್ಲಿ ಹಚ್ಚೂದೋ?" ಎಂದರು ನರಗುಂದ ಕಾಕಾ. ಪ್ರವೀಣ ಕಾಗದದ ಮೇಲೆ ಮೂರೂ ಅಂಗಡಿಯ ವಿಳಾಸ ಬರೆದುಕೊಂಡರು.

ಅಲ್ಲಿಂದ ಮುಂದೆ ನನ್ನ ಆಯ್ಕೆಯ ದೃಷ್ಟಿಯೇ ಬದಲಾಯಿತು. ಲೋಕದಲ್ಲಿ ಸರ್ವರ್ ಕೊಳ್ಳುವವರು ವೇಗ ನೋಡುತ್ತಾರೆ, ಜಾಗ ನೋಡುತ್ತಾರೆ. ನಾನು ಫೋನ್ ಮಾಡಿ ಕೇಳುತ್ತಿದ್ದದ್ದು, ಇಬ್ಬರು ಎತ್ತಬಹುದೇ? ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತದೆಯೇ? ಗಡದ ದಾರಿಯ ತಗ್ಗುದಿನ್ನೆಗೆ ಡಿಸ್ಕು ತಡೆಯುತ್ತದೆಯೇ? ಪ್ರವೀಣ ಒಮ್ಮೆ, "ಮೇಡಮ್ಮಾರ, ಇಂಥಾ ಗಿರಾಕಿ ನಮ್ಮ ಕಂಪನಿಗೆ ಬಂದಿಲ್ರಿ," ಎಂದರು. ನಾನು ಅದನ್ನು ಹೊಗಳಿಕೆ ಎಂದೇ ಬರೆದುಕೊಂಡಿದ್ದೇನೆ.

ಸರ್ವರ್ ಬಂತು. ರೋಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಳೆಗಾಲ ಕಳೆಯಿತು. ಯಾವ ಸೀರೆ ಎಲ್ಲಿದೆ ಎಂದು ಮೂರೂ ಕಡೆ ಕಾಣತೊಡಗಿತು. ಮಾವ ಒರಗಿ ಕೂತದ್ದು ಸಹ ಲೆಕ್ಕಕ್ಕೆ ಬಂತು. ಎಲ್ಲರೂ ಅದಕ್ಕೆ ಎಷ್ಟು ಒಗ್ಗಿಹೋದರೆಂದರೆ, ಪಾಡ್ಯದ ಬೆಳಗ್ಗೆ ಅದನ್ನು ಬಂದ್ ಮಾಡಿ, ವಾಯರು ಕಿತ್ತು, ಅತ್ತೆಯವರು ಹೊದೆಯುತ್ತಿದ್ದ ಹಳೆಯ ಕೌದಿಯಲ್ಲಿ ಸುತ್ತಿ ಕಾರಿನಲ್ಲಿ ಕೂರಿಸಿದಾಗ ಯಾರಿಗೂ ಒಂದು ಸಂಗತಿ ಹೊಳೆಯಲಿಲ್ಲ. ವರ್ಷದ ಎಲ್ಲ ದಿನ ಬಿಟ್ಟು ಪಾಡ್ಯದ ದಿನವೇ ಊರೆಲ್ಲ ಬಟ್ಟೆ ಕೊಳ್ಳಲು ಬರುತ್ತದೆ, ಮತ್ತು ಸರ್ವರ್ ಕಾರಿನಲ್ಲಿದೆ ಎಂದರೆ ಮೂರು ಅಂಗಡಿಗಳೂ ಕಾರಿನಲ್ಲಿದ್ದ ಹಾಗೆ. ಆರಿಸಿದವಳಿಗಾದರೂ ಹೊಳೆಯಬೇಕಿತ್ತು. ನಾನು ಆ ಹೊತ್ತಿಗೆ, ಕೌದಿಗೆ ಗಂಟು ಹಾಕುವುದೋ ಪಿನ್ನು ಹಾಕುವುದೋ ಎಂಬ ವಿಚಾರದಲ್ಲಿದ್ದೆ.

ಹಿಂದಿನ ಸೀಟಿನಲ್ಲಿ ಈ ಕಡೆ ನಾನು, ಆ ಕಡೆ ಅದನ್ನು ಕರೆದೊಯ್ಯಲು ಬಂದಿದ್ದ ಗಡದ ಕಾಕಾ, ನಡುವೆ ಬೆಲ್ಟು ಹಾಕಿಕೊಂಡು ಸರ್ವರ್. ಮುಂದಿನ ಸೀಟಿನಲ್ಲಿ ಮಾವ ಗಜ ಹಿಡಿದು ಕೂತಿದ್ದರು. ಕಾಕಾ ಸರ್ವರಿನ ಹೆಗಲ ಮೇಲೆ ಕೈ ಹಾಕಿ, ತಗ್ಗು ಬಂದಲ್ಲೆಲ್ಲ, "ಸಾವಕಾಶ ಹೊಡಿಯಪಾ, ಸಾವಕಾಶ," ಎನ್ನುತ್ತಿದ್ದರು. ಮುಶಿಗೇರಿ ದಾಟಿದ ಮೇಲೋ, ಲಕ್ಕಲಕಟ್ಟಿ ಹತ್ತಿರವೋ, ಕುರಿಹಿಂಡು ಅಡ್ಡ ಬಂದು ಕಾರು ನಿಂತಿತು. ರಸ್ತೆ ಬದಿಯ ಅಜ್ಜಿಯೊಬ್ಬಳು ಒಳಗೆ ಬಗ್ಗಿ ಕೌದಿ ನೋಡಿ, "ಯಾರಿಗಿ ಆರಾಮಿಲ್ಲೋ ಯಪ್ಪಾ? ದವಾಖಾನಿಗೇನು?" ಎಂದಳು.

"ಇಲ್ಲಬೇ ಯವ್ವಾ, ಆರಾಮ ಐತಿ. ಮನಿಗಿ ಕರಕೊಂಡ ಹೊಂಟೀವಿ," ಎಂದರು ಕಾಕಾ.

"ಹಬ್ಬದ ದಿನಾ ಮನಿ ಸೇರಿದ್ರ ಚಲೋನ ಆತು ಬಿಡು," ಎಂದು ಅಜ್ಜಿ ಕೌದಿಯ ಮೇಲೆ ಕೈಯಾಡಿಸಿ ಹೋದಳು.

ಅಷ್ಟರಲ್ಲಿ, ಅಂಗಡಿ ಮುಗಿಸಿ ಊಟಕ್ಕೆ ಬರಬೇಕಿದ್ದ ನರಗುಂದ ಕಾಕಾನ ಫೋನು. "ಸುನಂದಾ, ಪಡದೆ ಮ್ಯಾಲ ಏನೋ ಗರಗರ ತಿರಗಾಕತ್ತೈತಿ. ನಾನೂ ನೋಡಾಕತ್ತೀನಿ, ಗಿರಾಕಿನೂ ನೋಡಾಕತ್ತಾರ. ಬಿಲ್ ಬರವಲ್ದು."

"ಕಾಕಾ, ಸರ್ವರ್ ನನ್ನ ಬಾಜೂಕ ಕುಂತೈತ್ರಿ," ಎಂದೆ. ಆಗ ಎಲ್ಲ ಹೊಳೆಯಿತು.

ಬಯ್ಯುತ್ತಾರೆ ಎಂದು ಕಿವಿಯಿಂದ ಫೋನು ಸ್ವಲ್ಪ ದೂರ ಹಿಡಿದೆ. ಆ ಕಡೆ ಕಾಕಾ ಗಿರಾಕಿಗಳಿಗೆ ಕೂಗಿ ಹೇಳುವುದು ಕೇಳಿಸಿತು: "ಕುಂದರ್ರೀ, ಕುಂದರ್ರೀ, ಚಹಾ ತರಸ್ತೀನಿ. ಅಂಗಡಿ ಗಡಕ್ಕ ಹೊಂಟೈತಿ, ಮುಟ್ಟಿದ ಕೂಡಲೆ ಬಿಲ್ ಕೊಡ್ತೀನಿ." ಜನ ನಕ್ಕರು. ಕೊನೆಗೆ ಕೈಯಿಂದ ಬಿಲ್ ಬರೆದರಂತೆ. ಗಿರಾಕಿಗಳು ಹಬ್ಬದ ಖುಷಿಯಲ್ಲಿ ಅದನ್ನೂ ಒಂದು ಆಚರಣೆ ಎಂದುಕೊಂಡರಂತೆ.

ಗಡ ಹತ್ತಿರವಾಗಿ ಗುಡ್ಡದ ಮೇಲಿನ ಗಾಳಿಗಿರಣಿಗಳು ಕಂಡವು. ಅಂಗಡಿಯ ಮೆಟ್ಟಿಲ ಮೇಲೆ ಕಾಕು, ಎಂದರೆ ಕಾಕಾನ ಹೆಂಡತಿ, ಆರತಿ ಹಿಡಿದು ನಿಂತಿದ್ದರು. ಗಜಕ್ಕೆ ಎತ್ತಿದರು, ನಂತರ ಕೌದಿಗೂ ಎತ್ತಿದರು. ಮೊದಲೇ ಬಂದು ಕಾಯುತ್ತಿದ್ದ ಪ್ರವೀಣ ಆರತಿ ಮುಗಿಯುವವರೆಗೆ ವಾಯರು ಹಿಡಿದು ನಿಂತು, ಆಮೇಲೆ ಕೂಡಿಸಿದರು. ಹಸಿರು ದೀಪ ಹತ್ತಿತು. ನರಗುಂದದಿಂದ, "ಬಂತ ಬಂತ!" ಎಂಬ ಕೂಗು ಫೋನಿಗೆ ಬಂತು. ಗಡದ ಕಾಕಾ ಸರ್ವರಿನ ಮೇಲಿನ ಧೂಳನ್ನು ತಮ್ಮ ಹೆಗಲ ಮೇಲಿನ ಹೊಸ ವಲ್ಲಿಯ ತುದಿಯಿಂದ ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದರು. ಎಲ್ಲರೂ ಆರಿಸಿ ಬಿಟ್ಟ ಮಾಲನ್ನು ಜೀವಮಾನವಿಡೀ ಮಾರಿದ ಕಿರಿಯ ತಮ್ಮನ ಅಂಗಡಿಯಿಂದ ಆ ದಿನ ಅಣ್ಣಂದಿರ ಅಂಗಡಿಗಳಿಗೆ ಬಿಲ್ ಹೋಗುತ್ತಿತ್ತು. ಮಾವ ಅದನ್ನು ನೋಡಿದರು, ಹೋಳಿಗೆಗೆ ಕೂತರು.

ಬೇಸಿಗೆಗೆ ಮೊದಲೇ ಪ್ರವೀಣ ಎಚ್ಚರಿಸಿದ್ದರು: ಬಿಸಿಲು ಏರಿದರೆ ಸರ್ವರಿಗೆ ತಂಪು ಬೇಕು, ಕೋಣೆಗೆ ಎಸಿ ಹಾಕಿಸಬೇಕು. ನಮ್ಮ ಯಾವ ಅಂಗಡಿಯಲ್ಲೂ ಎಸಿ ಇರಲಿಲ್ಲ. ಎಸಿ ಎಂದರೆ ಗಿರಾಕಿ ಕೂತುಬಿಡುತ್ತಾನೆ, ಏಳುವುದಿಲ್ಲ, ಕೊಳ್ಳುವುದೂ ಇಲ್ಲ ಎಂಬುದು ಮಾವನ ಸಿದ್ಧಾಂತ. "ಮನಷ್ಯಾರಿಗಿಲ್ಲದ್ದು ಡಬ್ಬಿಗ್ಯಾಕ?" ಎಂದರು. ಆದರೂ ಗಡದ ಕಾಕಾ ಹಾಕಿಸಿದರು. ಯುಗಾದಿ ಕಳೆದು ಕಪ್ಪು ಮಣ್ಣಿನ ಎರಿಹೊಲಗಳು ಬಿರಿಯತೊಡಗಿದಾಗ, ಮಾವ ಒಂದು ದಿನ ಊಟವಾದ ಮೇಲೆ, "ಸರ್ವರ್ ಹ್ಯಾಂಗೈತೋ ಏನೋ, ನೋಡಿ ಬರತೀನಿ," ಎಂದು ಹೊರಟರು. ಸಂಜೆ ಬಂದಾಗ ಮುಖ ತೊಳೆದಂತೆ ಹೊಳೆಯುತ್ತಿತ್ತು. "ಹ್ಯಾಂಗೈತ್ರಿ?" ಎಂದೆ. "ಚಲೋ ಐತಿ. ಆದ್ರ ಕಾಳಜಿ ತಗೋಬೇಕು," ಎಂದರು. ಮರುದಿನವೂ ಕಾಳಜಿ ತೆಗೆದುಕೊಳ್ಳಲು ಹೋದರು. ನರಗುಂದ ಕಾಕಾಗೂ ಸರ್ವರಿನ ಚಿಂತೆ ಹತ್ತಿತು. ಅಷ್ಟು ದೂರದಿಂದ ಬಸ್ಸಿನಲ್ಲಿ, ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಹಿಡಿದು ಬರತೊಡಗಿದರು. ನಾನು ಒಮ್ಮೆ ಹೋಗಿ ಬಾಗಿಲು ತೆರೆದರೆ, ಸರ್ವರಿನ ಬುಡದಲ್ಲಿ ಗಾದಿ ಹಾಸಿಕೊಂಡು, ಶಾಲು ಹೊದ್ದುಕೊಂಡು, ಮೂವರು ಅಣ್ಣತಮ್ಮಂದಿರು ಸಾಲಾಗಿ ಮಲಗಿದ್ದರು. ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು, ಒಳಗೆ ಶಾಲು. ನಾಲ್ಕನೆಯದು ಎದ್ದು ನಿಂತು ಗುಂಯ್ ಎನ್ನುತ್ತಿತ್ತು.

ನಿದ್ದೆ ಮುಗಿದ ಮೇಲೆ ಮಾತು. ಚಿಕ್ಕಂದಿನಲ್ಲಿ ಮೂವರೂ ಒಂದೇ ಜಮಖಾನೆಯ ಮೇಲೆ ಮಲಗುತ್ತಿದ್ದದ್ದು, ಅಜ್ಜನ ಗೊರಕೆ, ಯಾರು ಯಾರ ಕೊಬ್ಬರಿ ಕದ್ದದ್ದು. ಮೂವರ ನೆನಪುಗಳೂ ಬೇರೆ ಬೇರೆ, ಮೂವರಿಗೂ ಅದರ ಬಗ್ಗೆ ಚಿಂತೆಯಿಲ್ಲ. 'ಮೂವರೂ ಇಲ್ಲೇ ಇರತೇವಲ್ಲ' ಎಂದು ಮದುವೆ ಕಾಲದ ಹೊಸ ಮಾಲಿನ ಗಂಟುಗಳನ್ನೂ ಗಡದಲ್ಲೇ ಬಿಚ್ಚಿದರು. ಬಿಚ್ಚುವಾಗ ಗಡದ ಕಾಕಾ ಮೊದಲ ಸೀರೆ ಎತ್ತಿಕೊಂಡರು, ಅದು ಹೀಗೇ ನಡೆದು ಬಂದದ್ದು ಎನ್ನುವ ಹಾಗೆ. ಅತ್ತೆಯವರಿಗೆ ಇದನ್ನು ಹೇಳಿದೆ. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಹೋದ ಪಾಡ್ಯಕ್ಕೆ ನರಗುಂದದ ಪಾಳಿ ಬಂತು. ನಾನು ಕೌದಿ ಒಗೆದು ಇಟ್ಟಿದ್ದೆ. ನರಗುಂದ ಕಾಕಾ ಗಜವನ್ನು ಎತ್ತಿಕೊಂಡರು, ಸರ್ವರಿನ ಕೋಣೆಗೆ ಹೋಗಿ ನೋಡಿದರು, ತಲೆ ಕೆರೆದುಕೊಂಡರು. "ನನ್ನ ಅಂಗಡ್ಯಾಗ ಮೂವರು ಕಾಲ ಚಾಚೂವಷ್ಟು ಜಾಗಾ ಎಲ್ಲೈತಿ? ಇದು ಇಲ್ಲೇ ಇರಲಿ ಬಿಡೋ. ಹೊಂದಿಕೊಂಡೈತಿ," ಎಂದರು. ಪ್ರವೀಣರಿಗೆ ಫೋನ್ ಮಾಡಿ, ಸರ್ವರ್ ಇನ್ನು ತಿರುಗಾಡುವುದಿಲ್ಲ ಎಂದೆ. ಆ ಕಡೆಯಿಂದ ಬಂದ ಉಸಿರು ಇನ್ನೂ ನನ್ನ ಕಿವಿಯಲ್ಲಿದೆ.

ಹೀಗೆ ಬೋರ್ಡು ಒಂದೇ ಉಳಿಯಿತು, ಹಬ್ಬಕ್ಕೆ ಮೂರೂ ಮನೆಯವರು ಕೂಡಿ ಉಂಡರು. ನಾನು ನನ್ನೊಳಗೇ ಒಂದು ಸಣ್ಣ ಸನ್ಮಾನ ಏರ್ಪಡಿಸಿಕೊಂಡೆ: ನಡುಮಟ್ಟದ ಒಂದು ಸರ್ವರ್ ಆರಿಸಿ ಮನೆತನ ಒಡೆಯದಂತೆ ಕಾಯ್ದವಳು ಎಂದು. ಆದರೆ ಇತಿಹಾಸ ಓದಿದವರ ಸನ್ಮಾನ ಹೆಚ್ಚು ಹೊತ್ತು ನಡೆಯುವುದಿಲ್ಲ. ಹಾರ ಹಾಕಿಸಿಕೊಳ್ಳುವಾಗಲೇ ಆಧಾರವೇನು ಎಂಬ ಪ್ರಶ್ನೆ ಏಳುತ್ತದೆ. ಮನೆತನ ಒಡೆಯುವುದರಲ್ಲಿತ್ತು ಎಂಬುದಕ್ಕೆ ಇರುವ ಆಧಾರ ಆಷಾಢದ ಒಂದು ಮಧ್ಯಾಹ್ನ ಗಡದ ಕಾಕಾ ಆಡಿದ ಮಾತು ಒಂದೇ. ಅದು ನಿಜವಾದ ನಿರ್ಧಾರವಾಗಿದ್ದರೆ ನಾನು ದೊಡ್ಡ ಕೆಲಸ ಮಾಡಿದ್ದೇನೆ. ಬರೀ ಕಿರಿಯವನ ಸಿಟ್ಟಾಗಿದ್ದರೆ, ಅದು ರಾತ್ರಿಯ ಊಟಕ್ಕೇ ಇಳಿಯುತ್ತಿತ್ತು. ಆಗ ನಾನು ಮಾಡಿದ್ದು ಮೂವರು ಹಿರಿಯರಿಗೆ ಮಧ್ಯಾಹ್ನ ಮಲಗಲು ತಂಪು ಕೋಣೆ ಮಾಡಿಸಿಕೊಟ್ಟದ್ದು ಅಷ್ಟೇ. ಎರಡರಲ್ಲಿ ಯಾವುದೆಂದು ತಿಳಿದವರು ಒಬ್ಬರೇ.

ಮೊನ್ನೆ ಗಡಕ್ಕೆ ಹೋಗಿದ್ದೆ. ಮಾವನೂ ನರಗುಂದ ಕಾಕಾನೂ ಚಹಾಕ್ಕೆ ಎದ್ದು ಹೋಗಿದ್ದರು. ಗಡದ ಕಾಕಾ ಒಬ್ಬರೇ ಸರ್ವರಿನ ಬದಿಗೆ ಶಾಲು ಹೊದ್ದು ಕಣ್ಣು ಮುಚ್ಚಿ ಮಲಗಿದ್ದರು. ಶಾಲಿನಾಚೆ ಕಾಲಿನ ಹೆಬ್ಬೆರಳು ಮಾತ್ರ ಯಾವುದೋ ತಾಳಕ್ಕೆ ಅಲ್ಲಾಡುತ್ತಿತ್ತು. ನಾನು ಬಗ್ಗಿ ಮೆಲ್ಲಗೆ ಕೇಳಿದೆ: "ಕಾಕಾ, ಅವತ್ತ ಪಾಳಿ ಸಿಗದಿದ್ರ ಖರೇನ ಅಂಗಡಿ ಬ್ಯಾರೆ ಮಾಡಿಕೊಳ್ಳಾವ್ರ ಇದ್ರೇನ್ರಿ?"

ಹೆಬ್ಬೆರಳು ನಿಂತಿತು.